ಜಯಲಕ್ಷ್ಮಿ ಬೋಟಿನ ದಿಕ್ಸೂಚಿ

ಗಂಗೊಳ್ಳಿಯ ಚಂದ್ರ ಮತ್ತು ಅವನ ತಮ್ಮ ಲೀಲಾಧರ ಸೇರಿ ಇಂಜಿನ್ ಬೋಟು ನೀರಿಗಿಳಿಸಿದ್ದು ಅರವತ್ತೇಳರ ಮಳೆಗಾಲ ಮುಗಿದ ಮೇಲೆ. ಬೋಟಿನ ಹೆಸರು ಜಯಲಕ್ಷ್ಮಿ. ಅಲ್ಲಿಯ ತನಕ ಚಂದ್ರ ಹುಟ್ಟು ಹಾಕುವ ದೋಣಿಯಲ್ಲಿ ದುಡಿದವನು. ಕಡಲ ಮೇಲೆ ತಾನೆಲ್ಲಿದ್ದೇನೆಂದು ತಿಳಿಯಬೇಕಾದರೆ ಅವನು ನೋಡುತ್ತಿದ್ದುದು ನೆಲದ ಕಡೆಗೆ. ಕೊಡಚಾದ್ರಿ ಬೆಟ್ಟದ ತುದಿ ಪಕ್ಕದ ಕೋಡಿ ಊರಿನ ದೀಪದ ಕಂಬದ ಹಿಂದೆ ನೇರಕ್ಕೆ ಬಂದರೆ ಒಂದು ಜಾಗ, ಕಂಬದಿಂದ ಅಂಗೈಯಗಲ ಬಡಗು ದಿಕ್ಕಿಗೆ ಸರಿದರೆ ಇನ್ನೊಂದು ಜಾಗ. ಅಪ್ಪ ತೋರಿಸಿಕೊಟ್ಟ ಆ ಗುರುತುಗಳನ್ನು ಅವನು ಒಮ್ಮೆಯೂ ತಪ್ಪಿದವನಲ್ಲ.

ಲೀಲಾಧರನ ದಾರಿ ಬೇರೆಯಾಗಿತ್ತು. ಹದಿವಯಸ್ಸಿನಲ್ಲೇ ಮುಂಬಯಿಗೆ ಹೋಗಿ, ಹಡಗು ನಿಲ್ಲುವ ಧಕ್ಕೆಯ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿತಿದ್ದ. ಊರಿಗೆ ವಾಪಸು ಬರುವಾಗ ಮಾತಿನಲ್ಲಿ ನಾಲ್ಕು ಮರಾಠಿ ಪದ, ಕೈಯಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇದ್ದವು. ಉಪ್ಪುಂದದ ವನಜಳನ್ನು ಮದುವೆಯಾಗಿ ಅಣ್ಣನ ಮನೆಯಲ್ಲೇ ಸಂಸಾರ ಹೂಡಿದ. ಬೋಟು ಬಂದ ಮೇಲೆ ಚುಕ್ಕಾಣಿ ಅಣ್ಣನದು, ಇಂಜಿನ್ ತಮ್ಮನದು ಎಂದು ಯಾರೂ ಕೂತು ಮಾತಾಡಿ ತೀರ್ಮಾನಿಸಲಿಲ್ಲ. ತಾನಾಗಿಯೇ ಹಾಗಾಯಿತು. ಬಲೆ ಬಿಡಲು, ಎಳೆಯಲು ಕುಷ್ಟ ಎಂಬ ಹಳೆಯ ಜತೆಗಾರನೂ ಇನ್ನಿಬ್ಬರೂ ಇದ್ದರು.

ಚುಕ್ಕಾಣಿಯ ಮುಂದೆ ಒಂದು ಹಲಗೆಯ ಗೂಡು. ಲೀಲಾಧರ ತನ್ನ ರೇಡಿಯೋವನ್ನು ಉಪ್ಪುಗಾಳಿ ತಾಗದಂತೆ ಪಂಚೆಯಲ್ಲಿ ಸುತ್ತಿ ಅಲ್ಲಿಡುತ್ತಿದ್ದ. ಬಲೆ ಬಿಟ್ಟು ಕಾಯುವ ಹೊತ್ತಿನಲ್ಲಿ ಬಿಚ್ಚಿ ಹಾಡು ಹಾಕುತ್ತಿದ್ದ. ಚಂದ್ರನಿಗೆ ಹಿಂದಿ ಹಾಡು ಅರ್ಥವಾಗುತ್ತಿರಲಿಲ್ಲ. ಆದರೂ ಹಾಡಿಲ್ಲದ ದಿನ, "ಎಂತ, ಇವತ್ತ್ ನಿನ್ ಪೆಟ್ಗಿಗೆ ಗಂಟ್ಲ್ ಕಟ್ಟಿತ್ತಾ?" ಎಂದು ಕೇಳುತ್ತಿದ್ದ.

ದಿಕ್ಸೂಚಿ ಬಂದದ್ದು ಅದೇ ಡಿಸೆಂಬರಿನಲ್ಲಿ. ಬೋಟುಗಳು ನೆಲ ಕಾಣದಷ್ಟು ದೂರ ಹೋಗತೊಡಗಿದ್ದರಿಂದ ಪ್ರತಿ ಬೋಟಿನಲ್ಲೂ ಒಂದಿರಬೇಕು ಎಂದು ಮೀನುಗಾರಿಕೆ ಇಲಾಖೆಯವರು ಹೇಳಿದ್ದರು. ಅದನ್ನು ಕೂರಿಸಿಕೊಡಲು ಬಂದವರು ಭೋಜರಾಜ ಹೆಗ್ಡೆ. ಬ್ರಹ್ಮಾವರದ ಕಡೆಯವರು, ಯೌವನದಲ್ಲಿ ನೌಕಾಪಡೆಯಲ್ಲಿದ್ದವರು, ಈಗ ಮೀನುಗಾರರಿಗೆ ಬೋಟಿನ ತರಬೇತಿ ಕೊಡುವ ಕೆಲಸ. ದಪ್ಪ ಕನ್ನಡಕದ ಈ ಮನುಷ್ಯನನ್ನು ಕಡಲತಡಿಯವರೆಲ್ಲ ಮಾಷ್ಟ್ರೆ ಎಂದೇ ಕರೆಯುತ್ತಿದ್ದರು.

"ದಿನಾ ಹ್ಯಾಂಗೆ ಹೋತ್ರಿಯೋ ಹಾಂಗೇ ಇರ್ಲಿ," ಎಂದರು ಭೋಜರಾಜರು ಬೋಟು ಹತ್ತುತ್ತಲೇ. "ಲಂಗರ್, ಸರಪಳಿ, ಕತ್ತಿ, ಎಲ್ಲ ಅದ್ರದ್ರ ಜಾಗದಲ್ಲೇ ಇರ್ಕ್. ಇವತ್ತ್ ಒಂದ್ ಇಟ್ಟ್, ನಾಳೆ ಇನ್ನೊಂದ್ ಬದಿಗೆ ಹಾಕ್ರೆ ನಾ ಮಾಡ್ದ ಕೆಲ್ಸ ಎಲ್ಲ ನೀರಿಗೆ."

ಅವರು ಹೇಳಿದಂತೆಯೇ ಎಲ್ಲವೂ ಇದ್ದ ಜಾಗದಲ್ಲಿ ಇದ್ದವು. ಬೋಟು ಹೊಳೆ ಕಡಲು ಸೇರುವ ಅಳಿವೆ ದಾಟಿ ಕಡಲಿಗಿಳಿಯಿತು. ಅವತ್ತು ಆಕಾಶ ತೊಳೆದಿಟ್ಟಂತಿತ್ತು, ಕೊಡಚಾದ್ರಿ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಚಂದ್ರ ಬೋಟನ್ನು ತನ್ನ ಗುರುತಿನ ಗೆರೆಗೆ ತಂದು ನಿಲ್ಲಿಸುತ್ತಿದ್ದ. ಭೋಜರಾಜರು ನಕಾಶೆಯಲ್ಲಿ ಆ ಗೆರೆಯ ದಿಕ್ಕು ನೋಡಿ, ದಿಕ್ಸೂಚಿ ಏನು ಹೇಳುತ್ತಿದೆ ಎಂದು ಹೋಲಿಸುತ್ತಿದ್ದರು. ಬೋಟಿನ ಮೂತಿಯನ್ನು ಮೂಡಕ್ಕೆ ತಿರುಗಿಸಿ ಒಮ್ಮೆ, ತೆಂಕಕ್ಕೆ ತಿರುಗಿಸಿ ಒಮ್ಮೆ, ಹೀಗೆ ಸುತ್ತುತ್ತಲೇ ಇದ್ದರು. ಪ್ರತಿ ಸಲವೂ ದಿಕ್ಸೂಚಿ ಬೇರೆ ಬೇರೆಯಷ್ಟು ತಪ್ಪು ಹೇಳುತ್ತಿತ್ತು.

"ಹೊಸ್ತೇ ಹಾಳಾ?" ಎಂದ ಚಂದ್ರ.

"ಹಾಳಲ್ಲ. ಇಂಜಿನ್ ಅಂದ್ರೆ ಕಬ್ಬಿಣದ್ ರಾಶಿ, ಅದ್ ಮುಳ್ಳನ್ನ ತನ್ನ್ ಬದಿಗೆ ಎಳಿತ್ತ್. ಹಾಂಗಂದ್ಹೇಳಿ ಇಂಜಿನ್ ತೆಗ್ದ್ ಬಿಸಾಡುಕಾತ್ತಾ? ಅದ್ ಆಚಿಗೆ ಎಷ್ಟ್ ಎಳಿತ್ತೋ ಅಷ್ಟೇ ಈಚಿಗೆ ಎಳುಕೆ ಇದನ್ನ ಇಡುದ್." ಭೋಜರಾಜರು ಪೆನ್ಸಿಲಿನಂಥ ಅಯಸ್ಕಾಂತದ ಕಡ್ಡಿಯೊಂದನ್ನು ತೋರಿಸಿ, ದಿಕ್ಸೂಚಿಯ ಅಡಿಯ ಮರದ ಪೆಟ್ಟಿಗೆಯ ತೂತಿಗೆ ಸೇರಿಸಿದರು.

ಲೀಲಾಧರ ಇಂಜಿನ್ ಗುಂಡಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದ. "ಹಂಗಾರೆ ಒಂದ್ ತಪ್ಪಿನ ಎದ್ರಿಗೆ ಇನ್ನೊಂದ್ ತಪ್ಪ್ ಇಟ್ಟ್ ಸಮ ಮಾಡುದ್."

"ಹೌದ್ ಮಾರಾಯ. ತೆಗುಕಾಪುದನ್ನ ಸೋಸಿ ತೆಗುದ್, ತೆಗುಕಾಗ್ದಿದ್ದನ್ನ ಸರಿದೂಗ್ಸುದ್. ಎಲ್ಲಾ ಯಂತ್ರದಲ್ಲೂ ಇದೇ ಎರಡ್ ಕೆಲ್ಸ. ನಿನ್ನ ಡೀಸೆಲ್ ಫಿಲ್ಟರ್ ಸೋಸ್ತ್. ಫೋಟೋದವ ಕ್ಯಾಮೆರಾಕ್ಕೆ ಹಳದಿ ಗಾಜ್ ಹಾಕ್ತ, ಕಂಡಿದ್ಯಾ? ಆಕಾಶ ಬೆಳ್ಳಗೆ ಬಪ್ಪುದನ್ನ ಅದ್ ಸೋಸ್ತ್. ಆದ್ರೆ ಬೆಳ್ಕೂ ಕಡ್ಮೆ ಆತ್ತಲ್ಲ, ಅದ್ಕೆ ಸ್ವಲ್ಪ ಹೆಚ್ಚ್ ಹೊತ್ ಬಾಗ್ಲ್ ತೆಗ್ದಿಡ್ತ. ದೊಡ್ಡ ಗಡಿಯಾರದ ಲೋಲಕ ಸೆಕೆಗೆ ಉದ್ದ ಆತ್ತ್, ಗಡಿಯಾರ ಹಿಂದ್ ಬೀಳ್ತ್. ಅದ್ಕೆ ಎರಡ್ ನಮೂನಿ ಲೋಹ ಸೇರ್ಸಿ, ಒಂದ್ ಕೆಳ್ಗೆ ಬೆಳ್ದಷ್ಟ್ ಇನ್ನೊಂದ್ ಮೇಲ್ ಎತ್ತುವಂಗ್ ಮಾಡಿರ್ತ್ರ್. ನನ್ ಕನ್ನಡ್ಕ ಎಂತ ಮತ್ತೆ? ಕಣ್ಣ್ ರಿಪೇರಿ ಮಾಡುಕಾತಿಲ್ಲೆ, ಅದ್ರ ತಪ್ಪಿಗೆ ಎದ್ರಾಗಿ ಗಾಜನ್ನೇ ಬಗ್ಸಿದ್ರ್."

ಕುಷ್ಟ ಮಾಷ್ಟ್ರ ಕನ್ನಡಕವನ್ನು ಹೊಸದೇನನ್ನೋ ನೋಡುವಂತೆ ನೋಡಿದ. ಮಧ್ಯಾಹ್ನದ ಹೊತ್ತಿಗೆ ದಿಕ್ಸೂಚಿ ನಾಲ್ಕು ದಿಕ್ಕಿಗೂ ಸರಿಯಾಗಿ ನಿಂತಿತು. ಚಂದ್ರ ಅದನ್ನು ಮೆಚ್ಚಿಕೊಂಡರೂ ನೆಚ್ಚಿಕೊಳ್ಳಲಿಲ್ಲ. ಕೊಡಚಾದ್ರಿ ಕಾಣುವಾಗ ಈ ಬಟ್ಟಲು ಯಾಕೆ ಎನ್ನುವುದು ಅವನ ಮನಸ್ಸಿನಲ್ಲಿ ಇದ್ದೇ ಇತ್ತು.

ಅಣ್ಣತಮ್ಮಂದಿರಿಗೆ ಮಾತು ಬಂದದ್ದು ದಿಕ್ಸೂಚಿಯ ವಿಷಯಕ್ಕಲ್ಲ, ಡೀಸೆಲ್ ಸೋಸುವ ವಿಷಯಕ್ಕೆ. ಡೀಸೆಲ್ ಬರುತ್ತಿದ್ದುದು ಹಳೆಯ ಪೀಪಾಯಿಗಳಲ್ಲಿ. ಬಯಲಲ್ಲಿ ನಿಂತ ಪೀಪಾಯಿಗೆ ಇಬ್ಬನಿ ಇಳಿದು ತಳದಲ್ಲಿ ನೀರು ಸೇರಿಕೊಳ್ಳುತ್ತಿತ್ತು, ತುಕ್ಕಿನ ಹುಡಿ ಬೇರೆ. ಲೀಲಾಧರ ದಿನಾ ಬೆಳಿಗ್ಗೆ ಆಲಿಕೆಗೆ ಮೆತ್ತನೆಯ ಚರ್ಮದ ಬಟ್ಟೆ ಹಾಸಿ, ಅದರ ಮೂಲಕ ಡೀಸೆಲನ್ನು ಸಣ್ಣ ಧಾರೆಯಾಗಿ ಟಾಂಕಿಗೆ ಬಿಡುತ್ತಿದ್ದ. ಚರ್ಮ ಎಣ್ಣೆಯನ್ನು ಬಿಡುತ್ತಿತ್ತು, ನೀರನ್ನು ತಡೆಯುತ್ತಿತ್ತು. ಆಮೇಲೆ ಇಂಜಿನ್ನಿನ ಫಿಲ್ಟರಿನ ತಳದ ತಿರುಪು ಸಡಿಲಿಸಿ ಅಲ್ಲೂ ನೀರಿದೆಯೇ ನೋಡುತ್ತಿದ್ದ. ಅಷ್ಟರಲ್ಲಿ ಉಳಿದ ಬೋಟುಗಳು ಒಂದೊಂದಾಗಿ ಅಳಿವೆ ದಾಟಿ ಹೋಗುತ್ತಿದ್ದವು. ಮೊದಲು ಹೋದವನಿಗೆ ಒಳ್ಳೆಯ ಜಾಗ, ಮೊದಲು ಬಂದವನಿಗೆ ಸಿಗಡಿಗೆ ಒಳ್ಳೆಯ ದರ. ಚಂದ್ರ ಚುಕ್ಕಾಣಿ ಹಿಡಿದು ನಿಂತಲ್ಲೇ ಚಡಪಡಿಸುತ್ತಿದ್ದ.

"ನೀ ಹಾಲ್ ಸೋಸಿದಂಗ್ ಸೋಸ್ತೆ. ಸಿಗ್ಡಿ ನಿಂಗೋಸ್ಕರ ಕಾಯ್ತ್ ಕೂತಿರ್ತಾ?"

"ಇಂಜಿನ್ನಿಗೆ ನೀರ್ ಕುಡ್ಸುಕಾತಿಲ್ಲೆ ಅಣ್ಣ. ನಿಲ್ತ್."

"ಆಚಿ ಬೋಟಿನವ್ರೆಲ್ಲ ಸೋಸ್ತ್ರಾ?"

"ಅವ್ರ ಇಂಜಿನ್ನ್ ಅವ್ರದ್ದ್. ಇದ್ ನಂದ್."

'ನಂದ್' ಎಂಬ ಆ ಒಂದು ಮಾತು ಚಂದ್ರನಿಗೆ ಚುಚ್ಚಿತು.

ಜನವರಿಯ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಲೀಲಾಧರ ಇಂಜಿನ್ನಿನ ಬೆಲ್ಟ್ ತರಲು ಹೋಗಿದ್ದವನು ಧಕ್ಕೆಗೆ ಬರುವುದು ತಡವಾಯಿತು. ಬರುವಷ್ಟರಲ್ಲಿ ಟಾಂಕಿ ತುಂಬಿತ್ತು.

"ಸೋಸಿದ್ಯಾ?" ಎಂದು ಕೇಳಿದ.

"ಆಯ್ತ್, ಹತ್ತ್ ಬೇಗ," ಎಂದ ಚಂದ್ರ, ಹಗ್ಗ ಬಿಚ್ಚುತ್ತಾ.

ಬೋಟು ಅಳಿವೆಯ ಬಾಯಿಗೆ ಬಂದಾಗ ಇಂಜಿನ್ ಒಮ್ಮೆ ಕೆಮ್ಮಿತು, ಎರಡು ಸಲ ಉಸಿರೆಳೆದುಕೊಂಡು ನಿಂತೇಹೋಯಿತು. ಅಳಿವೆಯ ಬಾಯಿಯಲ್ಲಿ ಹೊಳೆ ಹೊರಗೆ ತಳ್ಳುತ್ತದೆ, ಕಡಲು ಒಳಗೆ ತಳ್ಳುತ್ತದೆ. ನಡುವೆ ಮರಳ ದಿಬ್ಬದ ಮೇಲೆ ತೆರೆ ಒಡೆಯುತ್ತದೆ. ಇಂಜಿನ್ ಇಲ್ಲದ ಬೋಟು ಅಡ್ಡ ತಿರುಗಿತು. ಕುಷ್ಟ ಲಂಗರು ಎಸೆದ, ಅದು ಹಿಡಿಯಲಿಲ್ಲ. ಒಂದು ತೆರೆ ಬಂದು ಬೋಟನ್ನು ಓರೆ ಮಾಡಿ ಬಲೆಯನ್ನೆಲ್ಲ ಒಂದು ಬದಿಗೆ ಸುರಿಯಿತು. ಹಿಂದೆ ಬರುತ್ತಿದ್ದ ಇನ್ನೊಂದು ಬೋಟಿನವರು ಹಗ್ಗ ಎಸೆದು ಎಳೆಯದೇ ಇದ್ದರೆ ಜಯಲಕ್ಷ್ಮಿ ದಿಬ್ಬಕ್ಕೆ ಹೊಡೆಯುತ್ತಿತ್ತು.

ಧಕ್ಕೆಗೆ ಬಂದು ನಿಂತಾಗ ಜನ ಸೇರಿದ್ದರು. ಮೀನಿಗೆ ಕಾದಿದ್ದ ಹೆಂಗಸರೂ ಬುಟ್ಟಿ ಕೆಳಗಿಟ್ಟು ನೋಡುತ್ತಿದ್ದರು. ಚಂದ್ರ ಹೆದರಿಹೋಗಿದ್ದ. ಆ ಹೆದರಿಕೆಯೇ ಸಿಟ್ಟಾಗಿ ಹೊರಬಿತ್ತು.

"ಬೊಂಬಾಯಲ್ಲಿ ಕಲ್ತ್ ಬಂದವ್ನಂಬ್ರ್! ಅಳ್ವಿಯಲ್ಲಿ ನಿಲ್ಲುವ ಇಂಜಿನ್ನ್!"

ಲೀಲಾಧರ ಇಂಜಿನ್ ಗುಂಡಿಗಿಳಿದು ಫಿಲ್ಟರಿನ ತಳದ ತಿರುಪು ಬಿಚ್ಚಿ, ಹೊರಬಂದದ್ದನ್ನು ಒಂದು ಗಾಜಿನ ಲೋಟಕ್ಕೆ ಹಿಡಿದು ಮೇಲೆ ತಂದ. ಲೋಟದ ಮುಕ್ಕಾಲು ಭಾಗ ಬರೀ ನೀರು. ಮೇಲೆ ತೆಳ್ಳಗೆ ಡೀಸೆಲಿನ ಪದರ.

"ಸೋಸಿದ್ಯಾ ಕೇಣ್ದೆ. ನೀ ಆಯ್ತ್ ಅಂದೆ," ಎಂದ.

ಆಗ ಚಂದ್ರ 'ತಪ್ಪಾಯಿತು' ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಜನರ ಎದುರು ಅವನಿಗೆ ಆ ಮಾತು ಬರಲಿಲ್ಲ. ಬಂದದ್ದು ಬೇರೆಯೇ. "ನೀ ಇಲ್ದಿದ್ರೆ ಬೋಟ್ ಹೋತಿಲ್ಯಾ? ಇಂಜಿನ್ ಕೆಲ್ಸಕ್ಕೆ ಪಾಂಡು ಇದ್ದ. ಅವ್ನೂ ತರಬೇತಿ ಆದವ್ನೇ."

ಲೀಲಾಧರ ಲೋಟದ ನೀರನ್ನು ಹೊಳೆಗೆ ಚೆಲ್ಲಿದ. ಮತ್ತೆ ಕೆಳಗಿಳಿದು ಟಾಂಕಿ ಖಾಲಿ ಮಾಡಿ, ಒಳ್ಳೆಯ ಡೀಸೆಲ್ ಸೋಸಿ ಹಾಕಿ, ಕೊಳವೆಯ ಗಾಳಿ ತೆಗೆದು ಇಂಜಿನ್ ಚಾಲು ಮಾಡಿದ. ಅದು ಎಂದಿನಂತೆ ಹದವಾಗಿ ಓಡಿತು. ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಪಂಚೆಯ ಗಂಟನ್ನು ಎತ್ತಿಕೊಂಡು ಧಕ್ಕೆ ಹತ್ತಿದ. ಅವತ್ತು ಸಂಜೆಯ ಬಸ್ಸಿಗೆ ಅವನೂ ವನಜಳೂ ಉಪ್ಪುಂದಕ್ಕೆ ಹೋದರು. ಹೊರಡುವಾಗ ವನಜ ಓರಗಿತ್ತಿಯ ಕೈ ಹಿಡಿದುಕೊಂಡಳು. ಚಂದ್ರನ ಹೆಂಡತಿ ಸರಸ ಗಂಡನನ್ನು ಒಮ್ಮೆ ನೋಡಿದಳು. ಅವನು ಬಲೆಯ ಗಂಟು ಬಿಡಿಸುತ್ತಿದ್ದ.

ಲೀಲಾಧರನ ಜಾಗಕ್ಕೆ ಬಂದ ಪಾಂಡು ಒಳ್ಳೆಯ ಕೆಲಸಗಾರ. ಸೋಸಬೇಕೆಂದು ಅವನಿಗೂ ಗೊತ್ತಿತ್ತು. ಮೊದಲ ದಿನವೇ ಚರ್ಮದ ಬಟ್ಟೆ ಹಾಸಿದ, ಚಂದ್ರ ತುಟಿ ಪಿಟಕ್ಕೆನ್ನದೆ ನಿಂತು ಕಾದ. ಕುಷ್ಟ ಅದನ್ನು ಕಂಡೂ ಕಾಣದವನಂತೆ ಮುಖ ತಿರುಗಿಸಿದ. ದಿನಗಳು ಹಾಗೆ ನಡೆದವು. ಆಕಾಶ ತಿಳಿಯಾಗಿತ್ತು, ಗುರುತುಗಳು ಕಾಣುತ್ತಿದ್ದವು, ದಿಕ್ಸೂಚಿಯನ್ನು ಯಾರೂ ನೋಡಲಿಲ್ಲ.

ತಿಂಗಳ ಕೊನೆಯಲ್ಲಿ ಒಂದು ದಿನ ಮಂಜು ಬಂತು. ಮೊದಲ ಬಲೆ ಎಳೆದು ಮುಗಿಸುವಷ್ಟರಲ್ಲಿ ನೆಲದ ಕಡೆಯಿಂದ ಬೆಳ್ಳಗಿನ ಗೋಡೆಯೊಂದು ನೀರಿನ ಮೇಲೆ ಜಾರುತ್ತಾ ಬಂದು ಬೋಟನ್ನು ನುಂಗಿತು. ಕೊಡಚಾದ್ರಿ ಹೋಯಿತು, ದೀಪದ ಕಂಬ ಹೋಯಿತು, ಬೋಟಿನ ಮೂತಿಯೇ ಮಸಕಾಯಿತು.

"ಹೋಪ, ಕಂಪಾಸ್ ಇತ್ತಲ್ಲ," ಎಂದ ಚಂದ್ರ. ಮೊದಲ ಸಲ ಆ ಬಟ್ಟಲಿನ ಬಗ್ಗೆ ಅವನಿಗೆ ಗೌರವ ಬಂದಿತ್ತು. ಗಂಗೊಳ್ಳಿ ಅವರಿಗೆ ನೇರ ಮೂಡಕ್ಕೆ. ಚಂದ್ರ ದಿಕ್ಸೂಚಿ ಮೂಡ ಎಂದು ತೋರಿಸುವಂತೆ ಚುಕ್ಕಾಣಿ ಹಿಡಿದು, ಕಣ್ಣು ಕದಲಿಸದೆ ನಡೆಸಿದ.

ಅಳಿವೆ ಸಿಗಬೇಕಾದ ಹೊತ್ತು ಕಳೆಯಿತು. ಹೊಳೆಯ ನೀರಿನ ಬಣ್ಣ ಕಾಣಲಿಲ್ಲ. ಕುಷ್ಟ ಮೂತಿಯಲ್ಲಿ ಕೂತು ಕಿವಿಗೊಡುತ್ತಿದ್ದ. ಇದ್ದಕ್ಕಿದ್ದಂತೆ ಮುಂದುಗಡೆ, ಬಹಳ ಹತ್ತಿರದಲ್ಲಿ, ಬಸ್ಸಿನ ಹಾರನ್ ಕೇಳಿಸಿತು.

ಕಡಲಿನ ಮಗ್ಗುಲಲ್ಲೇ ಬಸ್ಸು ಓಡುವ ಜಾಗ ಆ ಕರಾವಳಿಯಲ್ಲಿ ಒಂದೇ.

"ಹ್ವಾಯ್! ಮರವಂತೆ! ಇದ್ ಮರವಂತೆ!" ಎಂದು ಕುಷ್ಟ ಕೂಗಿದ. ಅದೇ ಹೊತ್ತಿಗೆ ತೆರೆ ಒಡೆಯುವ ಸದ್ದು ಎಲ್ಲ ಕಡೆಯಿಂದಲೂ ಬಂದಂತಾಯಿತು. ಬೋಟಿನ ತಳ ಮರಳನ್ನು ಒಮ್ಮೆ ಮೆಲ್ಲಗೆ ಉಜ್ಜಿತು.

"ಹಿಂದೆ! ಹಿಂದೆ ತೆಗಿ!" ಚಂದ್ರ ಚುಕ್ಕಾಣಿ ಎಳೆದ, ಪಾಂಡು ಇಂಜಿನ್ನನ್ನು ಹಿಂದಕ್ಕೆ ಹಾಕಿದ. ಬೋಟು ಅಲ್ಲಾಡಿ, ಮರಳು ಬಿಟ್ಟು, ಹಿಂದೆ ಸರಿಯಿತು. ನೀರು ಸಾಕಷ್ಟು ಆಳವಾದ ಮೇಲೆ ಲಂಗರು ಹಾಕಿ ಕೂತರು. ಯಾರಿಗೂ ಗಂಜಿ ಸೇರಲಿಲ್ಲ. ಬಿಸಿಲು ಏರಿ ಮಂಜು ಹರಿದಾಗ ಎದುರಿಗೆ ರಸ್ತೆ, ತೆಂಗಿನ ಸಾಲು, ಇವರನ್ನೇ ನೋಡುತ್ತಾ ನಿಂತ ನಾಲ್ಕು ಜನ. ಗಂಗೊಳ್ಳಿ ಎಲ್ಲೋ ತೆಂಕದಲ್ಲಿ ಉಳಿದಿತ್ತು.

ಮನೆಯಲ್ಲಿ ಚಂದ್ರ ಏನೂ ಹೇಳಲಿಲ್ಲ. ಸರಸಳಿಗೆ ಸುದ್ದಿ ಮೀನು ಮಾರ್ಕೆಟ್ಟಿನಲ್ಲೇ ಸಿಕ್ಕಿತ್ತು.

"ಮರವಂತೆಗೆ ಎಂತಕೆ ಹೋದ್ರಿ?" ಎಂದಳು, ಬಡಿಸುತ್ತಾ.

"ಕಂಪಾಸ್ ಹಾಳಾಯ್ತ್ ಕಾಣತ್ತ್."

"ಹಾಳಾದ್ದ್ ಅದೊಂದೇ ಅಲ್ಲ," ಎಂದು ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಚಂದ್ರ ಕುಂದಾಪುರಕ್ಕೆ ಹೋಗಿ ಭೋಜರಾಜರನ್ನು ಕಂಡ. ಅವರು ಎಲ್ಲವನ್ನೂ ಕೇಳಿಸಿಕೊಂಡು ಅವತ್ತೇ ಹೊರಟು ಬಂದರು. ಮತ್ತೆ ಅದೇ ಗೆರೆ, ಅದೇ ಸುತ್ತಾಟ. ಬೋಟಿನ ಮೂತಿ ಮೂಡಕ್ಕಿದ್ದಾಗ ದಿಕ್ಸೂಚಿ ತಪ್ಪುತ್ತಿದ್ದುದು ಸ್ವಲ್ಪವಲ್ಲ. ಮೂಡ ಎಂದು ಅದು ತೋರಿಸಿದಾಗ ಬೋಟು ಬಡಗುಮೂಡದ ಕಡೆಗೆ ಚೆನ್ನಾಗಿ ವಾಲಿರುತ್ತಿತ್ತು. ಭೋಜರಾಜರು ದಿಕ್ಸೂಚಿಯನ್ನು ಬಿಚ್ಚಿ ನೋಡಿದರು, ಬಟ್ಟಲನ್ನು ಅಲುಗಿಸಿ ನೋಡಿದರು. ಕಡ್ಡಿಗಳು ಇಟ್ಟಲ್ಲೇ ಇದ್ದವು.

"ಹೊಸ ಕಬ್ಬಿಣ ಎಂತಾರು ಬಂತಾ ಬೋಟಿಗೆ?"

"ಇಲ್ಲೆ ಮಾಷ್ಟ್ರೆ."

"ಹಂಗಾರೆ ಬೋಟಿಂದ ಎಂತಾರು ಹೋಯ್ತಾ?"

ಚಂದ್ರ ಹೇಳಿದ, "ಎಂತದೂ ಹೋಯ್ಲಿಲ್ಲೆ. ತಮ್ಮ ಒಬ್ಬ ಹೋಯ್ದ."

"ಮನ್ಷ್ಯ ಹೋದ್ರೆ ಮುಳ್ಳ್ ತಿರ್ಗುದಿಲ್ಲೆ ಚಂದ್ರ," ಎಂದರು ಭೋಜರಾಜರು ಮೆಲ್ಲಗೆ.

ಕುಷ್ಟ ಹಿಂದಿನಿಂದ ಹೇಳಿದ, "ಅವ ರೇಡಿಯೋ ತಕಂಡ್ ಹೋಯ್ದ."

ಭೋಜರಾಜರು ತಿರುಗಿದರು. "ಅದ್ ಎಲ್ಲಿತ್ತ್?"

ಕುಷ್ಟ ದಿಕ್ಸೂಚಿಯ ಎದುರಿನ ಗೂಡನ್ನು ತೋರಿಸಿದ. "ಪಂಚಿಯಲ್ಲಿ ಸುತ್ತಿ ಇಡ್ತಿದ್ದ. ನೀವ್ ಬಂದ ದಿನವೂ ಇಲ್ಲೇ ಇತ್ತ್."

ಭೋಜರಾಜರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಒಂದ್ ಗಂಟ್ ಕಂಡದ್ದ್ ಹೌದ್. ಬುತ್ತಿ ಅಂದ್ಕಂಡೆ. ನಾ ಅವತ್ತೇ ಕೇಣ್ಕಾಗಿತ್ತ್." ಆಮೇಲೆ ಬಿಡಿಸಿ ಹೇಳಿದರು. ರೇಡಿಯೋದ ಧ್ವನಿ ಬರುವ ಕಡೆ ಒಂದು ದಪ್ಪ ಅಯಸ್ಕಾಂತ ಇರುತ್ತದೆ. ಹಾಡು ಹಾಕಲಿ, ಬಿಡಲಿ, ಅದು ಮುಳ್ಳನ್ನು ಎಳೆಯುತ್ತಲೇ ಇರುತ್ತದೆ. ಅವತ್ತು ಅವರು ಕಡ್ಡಿ ಇಟ್ಟಾಗ ಇಂಜಿನ್ನಿನ ಎಳೆತದ ಜತೆ ರೇಡಿಯೋದ ಎಳೆತವೂ ಲೆಕ್ಕಕ್ಕೆ ಬಂದಿತ್ತು. ಈಗ ರೇಡಿಯೋ ಹೋಗಿದೆ, ಅದಕ್ಕೆ ಎದುರಾಗಿ ಇಟ್ಟ ಕಡ್ಡಿ ಮಾತ್ರ ಉಳಿದಿದೆ. ಅದು ಸುಮ್ಮನೆ ಒಂದೇ ಬದಿಗೆ ಎಳೆಯುತ್ತಾ ಕೂತಿದೆ.

ಅವರು ಪೆಟ್ಟಿಗೆಯಿಂದ ಒಂದು ಕಡ್ಡಿಯನ್ನು ಹೊರಗೆಳೆದರು. ಮುಳ್ಳು ತೂಗಾಡಿ, ಇರಬೇಕಾದಲ್ಲಿಗೆ ಹತ್ತಿರ ಬಂದು ನಿಂತಿತು. "ಕಂಡ್ಯಾ? ಇನ್ನೊಂಚೂರ್ ಹದ ಮಾಡ್ರೆ ಮುಗೀತ್. ರೇಡಿಯೋ ಬೇಕಾತಿಲ್ಲೆ."

ಚಂದ್ರ ಖಾಲಿ ಗೂಡನ್ನು ನೋಡುತ್ತಾ ನಿಂತ. ಸೋಸದ ಡೀಸೆಲ್ ಸುರಿದವನು ತಾನು, ಆಯಿತು ಎಂದು ಸುಳ್ಳು ಹೇಳಿದವನೂ ತಾನು. ಇಷ್ಟು ದಿನ ಅದನ್ನು ಒಂದು ಬದಿಗೆ ಸರಿಸಿಟ್ಟು, ತಮ್ಮನ ಸೊಕ್ಕು ಎಂಬ ಮಾತನ್ನೇ ಹಿಡಿದುಕೊಂಡಿದ್ದ. ಈಗ ಈ ಕಡ್ಡಿ ತೆಗೆದು ಬೋಟು ಸರಿಯಾಗಿಬಿಟ್ಟರೆ ಉಪ್ಪುಂದಕ್ಕೆ ಹೋಗಲು ತನಗೆ ನೆಪವೇ ಇರುವುದಿಲ್ಲ ಎಂದು ಅವನಿಗೆ ಹೊಳೆಯಿತು.

"ಮಾಷ್ಟ್ರೆ, ಒಂದ್ ವಾರ ಬಿಟ್ಟ್ ಮಾಡುವ. ಅಲ್ಲಿ ತನ್ಕ ದೂರ ಹೋತಿಲ್ಲೆ."

"ಎಂತಕೆ?"

"ಅವ್ನೂ ಇರ್ಲಿ. ಇಂಜಿನ್ನಿನವ."

ಭೋಜರಾಜರು ಕಡ್ಡಿಯನ್ನು ಅದರ ತೂತಿಗೇ ವಾಪಸು ಸೇರಿಸಿ ಪೆಟ್ಟಿಗೆ ಮುಚ್ಚಿದರು.

ಮರುದಿನ ಚಂದ್ರ ಉಪ್ಪುಂದಕ್ಕೆ ಬಸ್ಸು ಹತ್ತಿದ. ಲೀಲಾಧರ ಮನೆಯಲ್ಲಿರಲಿಲ್ಲ. ಗದ್ದೆ ಬದಿಯಲ್ಲಿ ಯಾರದೋ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದಾನೆ ಎಂದು ವನಜ ದಾರಿ ತೋರಿಸಿದಳು. "ಊಟ ಮಾಡ್ಕಂಡೇ ಹೋಯ್ಕ್," ಎಂದಳು. ಅವಳು ನಗುತ್ತಿದ್ದಳು, ಆದರೆ ಕಣ್ಣು ಬಾವನ ಮುಖವನ್ನೇ ಪರೀಕ್ಷಿಸುತ್ತಿತ್ತು.

ಅಣ್ಣ ಬದುವಿನ ಮೇಲೆ ನಡೆದು ಬರುವುದನ್ನು ಕಂಡು ಲೀಲಾಧರ ಎದ್ದು ನಿಂತ. ಕೈಯೆಲ್ಲ ಗ್ರೀಸು. ಚಂದ್ರ ಪಂಪಿನ ಕಡೆ ನೋಡಿದ.

"ಎಂತ ಆಯ್ತ್ ಇದ್ಕೆ?" ಎಂದು ಚಂದ್ರ ಕೇಳಿದ.

"ಬೇರಿಂಗ್ ಹೋಯ್ತ್." ಲೀಲಾಧರ ಕೈ ಒರೆಸಿಕೊಂಡ. "ಮನ್ಯಲ್ಲ್ ಎಲ್ಲ ಸಮ ಇದ್ರಾ?"

"ಇದ್ರ್," ಎಂದ ಚಂದ್ರ. "ನಿನ್ ರೇಡಿಯೋ ಇತ್ತಲ್ಲ, ಅದ್..."

ಲೀಲಾಧರನ ಮುಖ ಬಿಗಿಯಿತು. "ಅದ್ಕ್ ಬಂದದ್ದಾ? ತಕಂಡ್ ಹೋಗ್. ವನಜನ ಹತ್ರ ಇತ್ತ್."

"ಅಲ್ಲ ಮಾರಾಯ, ಪೂರಾ ಕೇಣ್." ಚಂದ್ರ ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಮಂಜು, ಬಸ್ಸಿನ ಹಾರನ್, ಮಾಷ್ಟ್ರು ಕಡ್ಡಿ ಎಳೆದದ್ದು. ದಿಕ್ಸೂಚಿಯ ಮಾತು ಬಂದಾಗ ಲೀಲಾಧರನ ಕಣ್ಣು ಅರಳಬಹುದು ಎಂದುಕೊಂಡಿದ್ದ. ಅವನಿಗೆ ಅಂಥ ಸಂಗತಿಗಳೆಂದರೆ ಪ್ರಾಣ. ಆದರೆ ಲೀಲಾಧರ ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ತಳ ಮರ್ಳಿಗೆ ತಾಗಿತ್ತಾ?"

"ಒಂಚೂರ್ ಉಜ್ಜಿತ್."

"ಆ ತೆರೆಯಲ್ಲಿ ಬೋಟ್ ಅಡ್ಡ ಆಗಿದ್ರೆ?" ಅವನ ಧ್ವನಿ ಏರಿತು. "ನಿಂಗೆ ಈಜ್ ಬತ್ತ್, ಕುಷ್ಟಣ್ಣಂಗೆ ಬತ್ತ್. ಪಾಂಡು ಇಂಜಿನ್ ಗುಂಡಿಯೊಳ್ಗೆ ಇದ್ದಿದ್ದ! ಅವ ಹೊರ್ಗೆ ಬಪ್ಪುದ್ ಹ್ಯಾಂಗೆ?"

ಚಂದ್ರನಿಗೆ ಅದು ಈ ತನಕ ಹೊಳೆದಿರಲಿಲ್ಲ. ಗುಂಡಿಯೊಳಗೆ ಇರುವವನ ಕಡೆಯಿಂದ ಅವನು ಕಡಲನ್ನು ಯಾವತ್ತೂ ನೋಡಿರಲಿಲ್ಲ. 'ಇದ್ ನಂದ್' ಎಂದು ತಮ್ಮ ಹೇಳಿದ್ದು ಯಾಕೆ ಎಂದು ಸ್ವಲ್ಪ ಅರ್ಥವಾದಂತಾಯಿತು.

"ಅವತ್ತ್ ನಾ ಸೋಸಿರ್ಲಿಲ್ಲೆ," ಎಂದ. "ಗೊತ್ತಿದ್ದೂ ಆಯ್ತ್ ಅಂದೆ. ಮತ್ತೆ ಎಲ್ಲರೆದ್ರಿಗೆ ನಿಂಗೆ ಬೈದೆ. ಅದನ್ ಹೇಳುಕೇ ಬಂದದ್ದ್. ರೇಡಿಯೋ ಬೇಡ ನಂಗೆ. ನೀ ಬಾ."

ಲೀಲಾಧರ ಬೇರಿಂಗನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ಗದ್ದೆಯ ಆಚೆ ಒಬ್ಬಳು ಹೆಂಗಸು ಉದ್ದಿನ ಗಿಡ ಕೀಳುತ್ತಿದ್ದಳು. ಅವಳ ಕೊರಳಿನ ಹಾಡು ಗಾಳಿ ಬೀಸಿದಾಗ ಕೇಳಿಸಿ, ನಿಂತಾಗ ಮರೆಯಾಗುತ್ತಿತ್ತು.

"ಟಾಂಕಿಗೆ ಹಾಕುದ್ ನಾನೇ. ಎಷ್ಟ್ ತಡ ಆದ್ರೂ," ಎಂದ ಕೊನೆಗೆ.

"ಆಯ್ತ್."

"ಪಾಂಡುನ್ನ ಬಿಡುಕಾಗ. ಅವ ಬಲೆಗೆ ಇರ್ಲಿ."

"ಅದೂ ಆಯ್ತ್. ಇವತ್ತೇ ಬತ್ಯಾ?"

"ಇವತ್ತ್ ಆತಿಲ್ಲೆ. ಈ ಪಂಪ್ ಒಪ್ಕಂಡಿದ್ದೆ, ಅವ್ರ ಗದ್ದಿಗೆ ನೀರಿಲ್ಲೆ. ಮುಗ್ಸಿ ಬತ್ತೆ."

ಚಂದ್ರ ಹೂಂ ಎಂದು, ಅಂಗಿಯ ತೋಳು ಮಡಚಿ, ಪಂಪಿನ ಇನ್ನೊಂದು ತುದಿ ಹಿಡಿದ. ಸಂಜೆಯ ತನಕ ಇಬ್ಬರೂ ಸೇರಿ ಅದನ್ನು ಕಟ್ಟಿದರು. ಊಟಕ್ಕೆ ಮನೆಗೆ ಬಂದಾಗ ಇಬ್ಬರ ಕೈಯೂ ಕಪ್ಪಾಗಿರುವುದನ್ನು ಕಂಡ ವನಜ ಒಂದೇ ತಂಬಿಗೆಯಲ್ಲಿ ಇಬ್ಬರಿಗೂ ನೀರು ಹೊಯ್ದಳು.

ಲೀಲಾಧರ ಬಂದ ಮೇಲೆ ಭೋಜರಾಜರು ಮತ್ತೊಮ್ಮೆ ಬೋಟು ಹತ್ತಿದರು. ಈ ಸಲ ಮೊದಲು ಎಲ್ಲ ಗಂಟುಗಳನ್ನೂ ಬಿಚ್ಚಿಸಿ ನೋಡಿದರು, ಕುಷ್ಟನ ಎಲೆಯಡಿಕೆಯ ಚೀಲವನ್ನೂ. ರೇಡಿಯೋವನ್ನು ಬೋಟಿನ ಹಿಂತುದಿಯಲ್ಲಿ, ದಿಕ್ಸೂಚಿಗೆ ಆದಷ್ಟು ದೂರ, ಒಂದು ಮೊಳೆಗೆ ತೂಗುಹಾಕಿಸಿದರು. ಹೆಚ್ಚಿನ ಕಡ್ಡಿಯನ್ನು ತೆಗೆದರು.

"ರೇಡಿಯೋದೊಳ್ಗೂ ಒಂದ್ ಸೋಸುವ ವ್ಯವಸ್ಥೆ ಇತ್ತ್," ಎಂದರು ಸುತ್ತು ಮುಗಿಸಿ ಚಹಾ ಕುಡಿಯುತ್ತಾ. "ಗಾಳಿಯಲ್ಲಿ ಎಷ್ಟೋ ಸ್ಟೇಶನ್ ಒಟ್ಟಿಗೇ ಬತ್ತ್. ನೀ ತಿರ್ಪು ತಿರ್ಗ್ಸಿದಲ್ಲಿಗೆ ಒಂದನ್ನ ಮಾತ್ರ ಒಳ್ಗ್ ಬಿಟ್ಟ್, ಉಳ್ದದ್ದನ್ನ ತಡೀತ್ತ್."

"ಅಣ್ಣಂಗೂ ಅಂಥದ್ದೊಂದ್ ಇತ್ತ್," ಎಂದ ಲೀಲಾಧರ. "ಅವಂಗೆ ಬೇಕಾದ್ದ್ ಮಾತ್ರ ಒಳ್ಗೆ ಹೋತ್ತ್."

ಕುಷ್ಟ ಗಟ್ಟಿಯಾಗಿ ನಕ್ಕ. ಚಂದ್ರ ಸ್ವಲ್ಪ ತಡೆದು ತಾನೂ ನಕ್ಕ.

ಆ ವರ್ಷ ಮಂಜು ಇನ್ನೂ ಎರಡು ಸಲ ಬಂತು. ಒಂದು ಸಲ ಜಯಲಕ್ಷ್ಮಿಯ ಹಿಂದೆ ಇನ್ನೂ ಮೂರು ಬೋಟುಗಳು ಸಾಲು ಕಟ್ಟಿ ಬಂದು, ಅಳಿವೆಯ ಬಾಯಿಗೆ ಸರಿಯಾಗಿ ಮುಟ್ಟಿದವು. ಭೋಜರಾಜರು ಬೈಂದೂರಿನ ತನಕ ಎಲ್ಲ ಬೋಟುಗಳಿಗೂ ಹೋಗಿ, ಚುಕ್ಕಾಣಿಯ ಹತ್ತಿರ ರೇಡಿಯೋ ಇಡಬಾರದೆಂದು ಹೇಳಿ ಬಂದರು. ಕೆಲವರು ಕೇಳಿದರು, ಕೆಲವರು ನಕ್ಕರು.

ಎಪ್ಪತ್ತೊಂದರಲ್ಲಿ ಲೀಲಾಧರ ಸ್ವಂತ ಬೋಟು ಕಟ್ಟಿಸಿ ಉಪ್ಪುಂದದಲ್ಲೇ ನೆಲೆಸಿದ. ಈ ಸಲ ಹೋಗುವಾಗ ಅಣ್ಣನೇ ಲಾರಿಗೆ ಸಾಮಾನು ಹೇರಿದ, ಸರಸ ವನಜಳ ಮಗುವನ್ನು ಬಸ್ಸಿನ ತನಕ ಎತ್ತಿಕೊಂಡು ಬಂದಳು. ಆಮೇಲೂ ಸಿಗಡಿಯ ಕಾಲದಲ್ಲಿ ಇಬ್ಬರ ಬೋಟುಗಳು ನಡುಗಡಲಿನಲ್ಲಿ ಎದುರಾಗುತ್ತಿದ್ದವು. ಆಗ ಇಬ್ಬರೂ ಇಂಜಿನ್ ನಿಧಾನ ಮಾಡಿ ಬೋಟುಗಳನ್ನು ಪಕ್ಕಕ್ಕೆ ತರುತ್ತಿದ್ದರು. ಸರಸ ಕಟ್ಟಿಕೊಟ್ಟ ಒಣಮೀನಿನ ಚಟ್ನಿಯ ಡಬ್ಬಿಯನ್ನು ಚಂದ್ರ ಕೈ ಚಾಚಿ ದಾಟಿಸುತ್ತಿದ್ದ. ತೆರೆ ಎರಡು ಬೋಟುಗಳನ್ನೂ ಏರಿಸಿ ಇಳಿಸುತ್ತಿತ್ತು. ಲೀಲಾಧರ ಬೋಟು ಮೇಲೆ ಬರುವ ಹೊತ್ತು ನೋಡಿ ಡಬ್ಬಿಯನ್ನು ಹಿಡಿದುಕೊಳ್ಳುತ್ತಿದ್ದ.